ಹತ್ತು ವ್ಯಾಟ್ ಇದೆ, ಎಲ್ಲಿ ಖರ್ಚು ಮಾಡೋದು?

ನನ್ನ ಹ್ಯಾಮ್ (ಹವ್ಯಾಸಿ ರೇಡಿಯೊ) ಸ್ಟೇಷನ್ ಇರೋದು ಮೈಸೂರಿನಲ್ಲಿ, ಗ್ರಿಡ್ (ನಕ್ಷೆಯ ಚೌಕದ ಗುರುತು) ಎಂಕೆ82. ರೇಡಿಯೊ ಯುಬಿಟ್ಎಕ್ಸ್. ಹೈದರಾಬಾದಿನ ಹ್ಯಾಮ್ ಅಶ್ಹರ್ ಫರ್ಹಾನ್ ಅವರ ಡಿಸೈನ್ ಅದು. 40 ಮೀಟರ್ ತರಂಗಾಂತರದ ಬ್ಯಾಂಡಿನಲ್ಲಿ ಹತ್ತು ವ್ಯಾಟ್ ಆಚೀಚೆ ಕೊಡುತ್ತದೆ. ಆಂಟೆನಾ ಅಂದರೆ ತಾರಸಿಯಿಂದ ತೆಂಗಿನ ಮರಕ್ಕೆ ಎಳೆದು ಕಟ್ಟಿದ ಡೈಪೋಲ್ ತಂತಿ, ಅಷ್ಟೇ. ಬೀದಿ ತುಂಬ ಎಲ್‌ಇಡಿ ಬಲ್ಬು, ಯುಪಿಎಸ್, ಚಾರ್ಜರ್. ಸಂಜೆ ಆಯಿತು ಅಂದರೆ ಸಿಗ್ನಲ್ಲುಗಳನ್ನು ಚಿತ್ರವಾಗಿ ತೋರಿಸುವ ವಾಟರ್‌ಫಾಲ್ ಪರದೆ ಪೂರ್ತಿ ಗದ್ದಲದಿಂದ ತುಂಬಿಕೊಳ್ಳುತ್ತದೆ. ಇಷ್ಟರಲ್ಲೇ ಡಿಜಿಟಲ್ ಮೋಡ್‌ಗಳ ಜೊತೆ, ಅಂದರೆ ಕಂಪ್ಯೂಟರ್ ಮೂಲಕ ಅಕ್ಷರ ಕಳಿಸುವ ವಿಧಾನಗಳ ಜೊತೆ ಏಗಿದ್ದೇನೆ.

ಎಲ್ಲರ ಹಾಗೆ ನಾನೂ ಎಫ್‌ಟಿ8ರಿಂದ ಶುರು ಮಾಡಿದೆ. ಪಲ್ಸಾರ್ ಸಂಶೋಧನೆಗೆ 1993ರಲ್ಲಿ ನೊಬೆಲ್ ಪಡೆದ ಜೋ ಟೇಲರ್, ಸ್ಟೀವ್ ಫ್ರಾಂಕೆ ಜೊತೆ ಸೇರಿ 2017ರಲ್ಲಿ ತಂದ ಮೋಡ್ ಅದು. 15 ಸೆಕೆಂಡಿನ ಸರದಿ, ಅದರಲ್ಲಿ 12.64 ಸೆಕೆಂಡ್ ಪ್ರಸಾರ. ಬ್ಯಾಂಡಿನಲ್ಲಿ ಹಿಡಿಯುವ ಅಗಲ (ಬ್ಯಾಂಡ್‌ವಿಡ್ತ್) ಬರೀ 50 ಹರ್ಟ್ಸ್. 2500 ಹರ್ಟ್ಸ್‌ನೊಳಗಿನ ಗದ್ದಲಕ್ಕಿಂತ ಸಿಗ್ನಲ್ ನೂರಕ್ಕೂ ಹೆಚ್ಚು ಪಟ್ಟು ಕಡಿಮೆ ಇದ್ದರೂ ಓದಿಬಿಡುತ್ತದೆ. ಆದರೆ ಒಂದು ಸರದಿಯಲ್ಲಿ ಹೋಗೋದು 77 ಬಿಟ್ ಮಾತ್ರ. ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು), ಗ್ರಿಡ್, ಸಿಗ್ನಲ್ ರಿಪೋರ್ಟ್, ವಿದಾಯ ಹೇಳುವ 73, ಮುಗೀತು. ಸ್ವಂತ ಮಾತಿಗೆ 13 ಅಕ್ಷರ ಸಿಗುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ‘ಊಟ ಆಯ್ತಾ’ ಅಂತ ಬರೆದರೆ 11 ಖರ್ಚಾಯಿತು. ‘ಏನ್ ಊಟ’ ಅಂತ ಕೇಳಬೇಕಾದರೆ ನಮ್ಮ ಸರದಿ ಮತ್ತೆ ಬರೋವರೆಗೆ ಕಾಯಬೇಕು.

ಇದು ಹೇಗೆ ಸಾಧ್ಯ ಅಂತ ಒಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಹತ್ತು ವ್ಯಾಟ್, 12.64 ಸೆಕೆಂಡ್, ಅಂದರೆ 126 ಜೌಲ್. ಅದನ್ನು 77ಕ್ಕೆ ಹಂಚಿದರೆ ಬಿಟ್ಟಿಗೆ 1.6 ಜೌಲ್. ಪೀಟರ್ ಮಾರ್ಟಿನೆಜ್ 1998ರಲ್ಲಿ ಚಾಲ್ತಿಗೆ ತಂದ ಪಿಎಸ್‌ಕೆ31 ತಗೊಳ್ಳಿ. ಸೆಕೆಂಡಿಗೆ 31.25 ಬಿಟ್. ಅದೇ ಹತ್ತು ವ್ಯಾಟಿನಲ್ಲಿ ಬಿಟ್ಟಿಗೆ ಹೆಚ್ಚೆಂದರೆ 0.32 ಜೌಲ್, ಐದನೇ ಒಂದು ಪಾಲು. ಜೊತೆಗೆ ಎಫ್‌ಟಿ8ರಲ್ಲಿ ಆ 77ರ ಬೆನ್ನಿಗೆ ತಪ್ಪಿನ ತಪಾಸಣೆಗೆ 14, ತಿದ್ದುಪಡಿಗೆ 83 ಬಿಟ್ ಹೋಗುತ್ತವೆ. ಪಿಎಸ್‌ಕೆ31ರಲ್ಲಿ ತಿದ್ದುಪಡಿಯೇ ಇಲ್ಲ. ಅಗಲದಲ್ಲಿ ಎಫ್‌ಟಿ8ಗಿಂತ ಕಿರಿದು, ಆದರೂ ಮೊದಲು ಕೈ ಎತ್ತುವುದು ಅದೇ. ಬ್ಯಾಂಡ್‌ವಿಡ್ತ್ ಕಿರಿದಾದಷ್ಟೂ ಮೋಡ್ ಗಟ್ಟಿ ಅಂತ ನಮ್ಮಲ್ಲಿ ಒಂದು ಮಾತಿದೆ. ಅದು ಅರ್ಧ ನಿಜ.

ಉಳಿದರ್ಧ ಗೊತ್ತಾಗಬೇಕಾದರೆ ಒಲಿವಿಯಾ ಅನ್ನೋ ಮೋಡ್ ನೋಡಬೇಕು. ಪೋಲೆಂಡಿನ ಪಾವೆಲ್ ಯಲೋಹಾ ಮಾಡಿದ್ದು. ನಾನು ಜಾಸ್ತಿ ಬಳಸೋದು ಅದರ 16/500 ರೂಪ, ಅಂದರೆ 500 ಹರ್ಟ್ಸ್‌ನಲ್ಲಿ 16 ಸ್ವರ. ಸೆಕೆಂಡಿಗೆ 31.25 ಸ್ವರ ಬದಲಾಗುತ್ತದೆ, ಥೇಟ್ ಪಿಎಸ್‌ಕೆ31ರ ವೇಗ. ಆದರೆ 64 ಸ್ವರಗಳ ಒಂದು ಕಂತಿನಲ್ಲಿ ಹೋಗೋದು ನಾಲ್ಕೇ ಅಕ್ಷರ. ನಾಲ್ಕು ಅಕ್ಷರಕ್ಕೆ ಎರಡು ಸೆಕೆಂಡ್! ಹತ್ತು ಎಫ್‌ಟಿ8 ಸಿಗ್ನಲ್ ಕೂರುವಷ್ಟು ಜಾಗ ತಗೊಂಡು ನಿಮಿಷಕ್ಕೆ ಇಪ್ಪತ್ತು ಪದ. ಸುಮ್ನೆ ದುಂದು ಅನ್ನಿಸುತ್ತೆ ಅಲ್ವಾ?

ಏಪ್ರಿಲ್, ಮೇ ಸಂಜೆ ಕೇಳಿ ನೋಡಿ. ಎಲ್ಲೋ ಗುಡುಗುತ್ತಿರುತ್ತದೆ, 40 ಮೀಟರಿನಲ್ಲಿ ಪಟಪಟ ಸದ್ದು. ಪಿಎಸ್‌ಕೆ31ರಲ್ಲಿ ಒಂದೊಂದು ಸಿಡಿತಕ್ಕೂ ಎರಡು ಮೂರು ಅಕ್ಷರ ಹೋಗಿ ಅಲ್ಲಿ ಏನೇನೋ ಗೀಚು ಬರುತ್ತದೆ. ಒಲಿವಿಯಾದಲ್ಲಿ ಪ್ರತಿ ಅಕ್ಷರವೂ ಆ 64 ಸ್ವರಗಳ ಉದ್ದಕ್ಕೂ ಹರಡಿರುತ್ತದೆ. ನಾಲ್ಕಾರು ಸ್ವರ ಹಾಳಾದರೆ ಅಕ್ಷರಕ್ಕೆ ಏನೂ ಆಗೋದಿಲ್ಲ. ಆ ಕಡೆಯವರು ಟೈಪ್ ಮಾಡಿ ನಿಲ್ಲಿಸಿದ ಮೇಲೂ ನನ್ನ ಪರದೆಯಲ್ಲಿ ಕೆಲವು ಸೆಕೆಂಡ್ ಅಕ್ಷರ ಬರುತ್ತಲೇ ಇರುತ್ತವೆ. ಅವಸರ ಇರುವವರಿಗೆ ಇದು ಆಗಿಬರೋದಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಗೂ ಇದೇ ಲೇಸು. ನಮ್ಮಿಂದ ಅಲ್ಲಿಗೆ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲಿ ಹೋಗುತ್ತದೆ. ಅಲ್ಲಿ ಸಿಗ್ನಲ್ಲಿನ ಫೇಸ್ (ಅಲೆಯ ಏರಿಳಿತದ ಹಂತ) ಅಲುಗಾಡುತ್ತದೆ. ಫೇಸನ್ನೇ ನಂಬಿರುವ ಪಿಎಸ್‌ಕೆ ಅಲ್ಲಿ ತತ್ತರಿಸುತ್ತದೆ.

ದಿನದ ಮಾತಿಗೆ ಜೆಎಸ್8ಕಾಲ್ (ಜೆಎಸ್8) ಮೋಡ್. ತೀರ್ಥಹಳ್ಳಿ ಕಡೆಯ ಒಬ್ಬ ಗೆಳೆಯರ ಜೊತೆ ನನ್ನ ಸಂಪರ್ಕ ಇದರಲ್ಲೇ. ಎಫ್‌ಟಿ8ರ ತಂತ್ರದ ಮೇಲೇ ಕಟ್ಟಿದ್ದು, ಆದರೆ ಉದ್ದ ಮಾತು ಹೋಗುತ್ತದೆ. ವೇಗ ನಾವೇ ಆರಿಸಬಹುದು. ಸ್ಲೋ ಅಂದರೆ 30 ಸೆಕೆಂಡಿನ ಸರದಿ, 25 ಹರ್ಟ್ಸ್, ನಿಮಿಷಕ್ಕೆ 8 ಪದ. ನಾರ್ಮಲ್ 15 ಸೆಕೆಂಡ್, 50 ಹರ್ಟ್ಸ್, 16 ಪದ. ಟರ್ಬೊ 6 ಸೆಕೆಂಡ್, 160 ಹರ್ಟ್ಸ್, 40 ಪದ. ನಾರ್ಮಲ್‌ನಿಂದ ಟರ್ಬೊಗೆ ಹೋದರೆ ಸುಮಾರು 6 ಡೆಸಿಬೆಲ್ ನಷ್ಟ. ನನ್ನ ಹತ್ತು ವ್ಯಾಟ್ ಎರಡೂವರೆ ಆದ ಹಾಗೆ.

“ಓಎಂ, ಟರ್ಬೊ ಹಾಕಿ, ಬೇಗ ಮುಗೀಲಿ” ಅಂತ ಆ ಗೆಳೆಯರು ಯಾವಾಗಲೂ ಹೇಳುತ್ತಾರೆ. ಓಎಂ ಅಂದರೆ ಹ್ಯಾಮ್ ಭಾಷೆಯಲ್ಲಿ ‘ಗೆಳೆಯ’. ಮಧ್ಯಾಹ್ನ ಸರಿ. ಸಿಗ್ನಲ್ ನೆತ್ತಿಯ ಮೇಲಿಂದ ಬಂದು ಬೀಳುತ್ತದೆ, ಇನ್ನೂರು ಕಿಲೋಮೀಟರ್ ಏನೂ ಅಲ್ಲ. ಸಂಜೆ ಸಿಗ್ನಲ್ ಏರಿಳಿಯತೊಡಗಿದರೆ ಕಥೆ ಬೇರೆ. ಒಂದು ಕಂತು ತಪ್ಪಿದರೂ ಸಂದೇಶದ ನಡುವೆ ಚುಕ್ಕಿ ಚುಕ್ಕಿ. ‘ಮತ್ತೆ ಹೇಳಿ’ ಅಂತ ಕೇಳಿ, ಅವರು ಮತ್ತೆ ಕಳಿಸಿ, ಅದರಲ್ಲೂ ಅರ್ಧ ಸಿಕ್ಕಿ, ಕೊನೆಗೆ ನಾರ್ಮಲ್‌ಗಿಂತ ಜಾಸ್ತಿ ಹೊತ್ತಾಗುತ್ತದೆ. ಮಳೆ ಎಷ್ಟು ಮಿಲಿಮೀಟರ್ ಅನ್ನೋ ಅಂಕಿ ಬೇಕಾದಾಗ ಅರ್ಧ ಸಿಕ್ಕಿದರೆ ಏನು ಉಪಯೋಗ? ಅಂಥ ಹೊತ್ತಿನಲ್ಲಿ ನಾನು ಕೇಳದೇ ನಾರ್ಮಲ್‌ಗೆ ಇಳಿದುಬಿಡುತ್ತೇನೆ. ಅವರೂ ಗೊಣಗುತ್ತಾ ಬರುತ್ತಾರೆ.

ಗಡಿಯಾರದ ವಿಷಯ ಹೊಸಬರಿಗೆ ಯಾರೂ ಹೇಳೋದಿಲ್ಲ. ಎಫ್‌ಟಿ8, ಜೆಎಸ್8 ಎರಡಕ್ಕೂ ಕಂಪ್ಯೂಟರ್ ಸಮಯ ಸರಿ ಇರಲೇಬೇಕು, ಎರಡು ಸೆಕೆಂಡ್ ಆಚೀಚೆ ಆದರೆ ಡಿಕೋಡ್ (ಸಿಗ್ನಲ್ಲಿನಿಂದ ಅಕ್ಷರ ಓದುವುದು) ನಿಂತುಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇಂಟರ್‌ನೆಟ್ ಹೋದರೆ ಲ್ಯಾಪ್‌ಟಾಪ್ ಗಡಿಯಾರವನ್ನು ಯಾರು ಸರಿ ಮಾಡಬೇಕು? ಯುಎಸ್‌ಬಿ ಜಿಪಿಎಸ್ ಒಂದು ಚೀಲದಲ್ಲಿರಲಿ, ಉಪಗ್ರಹದಿಂದ ಸಮಯ ಸಿಗುತ್ತದೆ. ಒಲಿವಿಯಾಗೆ ಈ ತಾಪತ್ರಯ ಇಲ್ಲ. ಯಾವಾಗ ಬೇಕಾದರೂ ಒತ್ತಿ, ಯಾವಾಗ ಬೇಕಾದರೂ ಕೇಳಿ.

ಇನ್ನು ಬಿಸಿ. ಎಫ್‌ಟಿ8ರಲ್ಲಿ 12.64 ಸೆಕೆಂಡೂ ಪೂರ್ತಿ ಕ್ಯಾರಿಯರ್, ಅಂದರೆ ಬಿಡುವಿಲ್ಲದೆ ಪೂರ್ತಿ ಶಕ್ತಿಯ ಪ್ರಸಾರ. ಯುಬಿಟ್ಎಕ್ಸ್‌ನ ಐಆರ್‌ಎಫ್510 ಟ್ರಾನ್ಸಿಸ್ಟರುಗಳ ಹೀಟ್‌ಸಿಂಕ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಸೌಂಡ್ ಲೆವೆಲ್ ಇಳಿಸಿ ಐದು ವ್ಯಾಟಿಗೆ ತಂದೆ, ಒಂದು ಚಿಕ್ಕ ಫ್ಯಾನ್ ಕೂರಿಸಿದೆ. ಮೂರು ಡೆಸಿಬೆಲ್ ಹೋಯಿತು, ಹೋಗಲಿ. ಎಫ್‌ಟಿ8ರಲ್ಲಿ ಅದು ಗೊತ್ತೂ ಆಗೋದಿಲ್ಲ. ಜೆಎಸ್8 ಟರ್ಬೊದಲ್ಲಿ ಗೊತ್ತಾಗುತ್ತದೆ, ಅದಕ್ಕೆ ಐದು ವ್ಯಾಟಿನಲ್ಲಿ ನಾನು ಟರ್ಬೊ ಮುಟ್ಟೋದಿಲ್ಲ.