ಸ್ಟೀಲ್ ಬೋಗಿಯ ಹೊಳಪು ಅಡಿಯ ಕಪ್ಪಿನಲ್ಲಿದೆ

ತುಮಕೂರಿನ ಮಾಡೆಲ್ ರೈಲು ಗೆಳೆಯರೇ, ಅಮೆರಿಕದ ಬಡ್ ಕಂಪನಿಯ ಗೀರುಗೀರಾದ ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಬೋಗಿಗಳ ಮಾಡೆಲ್‌ಗೆ ಮಾಮೂಲಿ ಸಿಲ್ವರ್ ಪೇಂಟ್ ಹೊಡೆದರೆ ಬೂದು ಡಬ್ಬಿಯಂತಾಗುತ್ತದೆ. ಬೋಗಿಯನ್ನು ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ. ಮೊದಲು ಗ್ಲಾಸ್ ಬ್ಲ್ಯಾಕ್ (ಹೊಳೆಯುವ ಕಪ್ಪು ಬಣ್ಣ) ಹೊಡೆದು ಕನಿಷ್ಠ 48 ಗಂಟೆ ಮುಟ್ಟಬೇಡಿ; ಹಸಿಯಿದ್ದರೆ ಮೇಲೆ ಹೊಡೆಯುವ ಲೋಹಬಣ್ಣದ ಲ್ಯಾಕರ್ ಅದನ್ನು ಕಚ್ಚಿ ಬಿರುಕು ಬಿಡಿಸುತ್ತದೆ. ಆಮೇಲೆ ಆ ಲೋಹಬಣ್ಣ, ಆಲ್‌ಕ್ಲಾಡ್ ಬ್ರ್ಯಾಂಡಿನ ‘ಸ್ಟೇನ್‌ಲೆಸ್ ಸ್ಟೀಲ್’. ತಿನ್ನರ್ ಬೆರೆಸದೆ ಏರ್‌ಬ್ರಷ್‌ನಲ್ಲಿ (ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಸಾಧನ) 12–15 ಪಿಎಸ್‌ಐ ಒತ್ತಡ, 2–3 ಇಂಚು ದೂರ, ಮಂಜು ಕವಿದ ಹಾಗೆ ಮೂರ್ನಾಲ್ಕು ತೆಳು ಪದರ. ಕಪ್ಪು ಪೂರ್ತಿ ಮುಚ್ಚಲಿ ಅಂತ ಸುರಿದರೆ ಹೊಳಪು ಸತ್ತು ಬರೀ ಬೂದು ಉಳಿಯುತ್ತದೆ. ಆಷಾಢದ ಗಾಳಿಗೆ ಮಹಡಿ ಮೇಲಂತೂ ಬೇಡವೇ ಬೇಡ, ಹೊಳೆಯುವ ಕಪ್ಪಿನ ಮೇಲೆ ಕೂತ ಒಂದೇ ಧೂಳಿನ ಕಣ ಗುಳ್ಳೆಯಂತೆ ಎದ್ದು ಕಾಣುತ್ತದೆ. ಗೀರುಗಳ ತಗ್ಗಿಗೆ ತೀರಾ ನೀರಾದ ಕಪ್ಪು ಅಕ್ರಿಲಿಕ್ ಸಾಕು. ಅಕ್ಷರದ ಡೆಕಲ್ (ತೆಳು ಅಂಟುಚಿತ್ರ) ಅಂಟಿಸಿದ ಜಾಗಕ್ಕಷ್ಟೇ ವಾರ್ನಿಷ್. ಇಡೀ ಬೋಗಿಗೆ ಹೊಡೆದರೆ ಲೋಹದ ಕಳೆ ಇಳಿಯುತ್ತದೆ.