ಎರಡಲ್ಲ, ಒಂದೇ ಗಿಳಿಮೀನು

ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದಲ್ಲಿ, ಸುಮಾರು 15 ಮೀಟರ್ ಆಳದ ಹವಳದ ದಿಬ್ಬದ ಬಳಿ ನಾನು ಚಿತ್ರ ತೆಗೆದ ಎರಡು ಮೀನುಗಳು ಬೇರೆ ಬೇರೆ ಜಾತಿಯವೆಂದೇ ಬಹಳ ದಿನ ಭಾವಿಸಿದ್ದೆ. ಒಂದು ಅಚ್ಚ ಹಸಿರು. ಬೂದು ಬಣ್ಣದ ಇನ್ನೊಂದು ಯಾವ ವಿವರಣೆಗೂ ಹೊಂದುತ್ತಿರಲಿಲ್ಲ. ನೀರು ಬೆಳಕಿನ ಕೆಂಪನ್ನು ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುತ್ತದೆ, ನಾನು ಫ್ಲ್ಯಾಶ್ ಬಳಸಿರಲಿಲ್ಲ ಎಂಬುದು ನೆನಪಾಗಿ, ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರದಲ್ಲಿ) ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣಗಳ ಸಮತೋಲನ, ಸರಿಪಡಿಸಿದಾಗ, ಆ ಬೂದು ಹೊಟ್ಟೆ ಇಟ್ಟಿಗೆಗೆಂಪಾಗಿ ಕಾಣಿಸಿತು. ಮೈಮೇಲಿನ ಕಂದು, ಬಿಳಿ ಹುರುಪೆಗಳೂ ಸ್ಪಷ್ಟವಾದವು. ಅದು ಸ್ಟಾಪ್‌ಲೈಟ್ ಗಿಳಿಮೀನಿನ ಆರಂಭಿಕ ಹಂತ, ಅಂದರೆ ಸಾಮಾನ್ಯವಾಗಿ ಹೆಣ್ಣುಗಳಲ್ಲಿ ಕಾಣುವ ಬಣ್ಣದ ಹಂತ. ಹಸಿರು ಮೀನಿನ ಕಿವಿರುಮುಚ್ಚಳದ ಮೇಲ್ತುದಿಯಲ್ಲೂ ಬಾಲದ ಬುಡದಲ್ಲೂ ಹಳದಿ ಗುರುತಿದ್ದುದರಿಂದ, ಅದು ಅದೇ ಜಾತಿಯ ಅಂತಿಮ ಹಂತದ ಗಂಡೆಂದು ಖಚಿತವಾಯಿತು. ಈ ಜಾತಿಯಲ್ಲಿ ಹೆಣ್ಣು ಮುಂದೆ ಗಂಡಾಗಬಲ್ಲದು, ಬಣ್ಣವೂ ಬದಲಾಗುತ್ತದೆ; ಆದ್ದರಿಂದ ಈಗ ದೇಹದ ಆಕಾರವನ್ನೂ ಗುರುತುಗಳ ಸ್ಥಾನವನ್ನೂ ಮೊದಲು ನೋಡುತ್ತೇನೆ.