ರೋಮ್ ಥೀಮ್‌ನ ಸ್ಲಾಟ್ ಗೇಮ್: ಸ್ಪಿನ್ ಒತ್ತುವ ಮೊದಲು ಪೇಟೇಬಲ್ ಓದಿ

ಸ್ಲಾಟ್ ಅಂದರೆ ದುಡ್ಡು ಕಟ್ಟಿ ಚಿತ್ರಗಳ ಚಕ್ರ (ರೀಲ್) ತಿರುಗಿಸುವ ಆಟ. ರೋಮ್ ಥೀಮ್‌ನದ್ದನ್ನು ತೆರೆದ ತಕ್ಷಣ ಕಹಳೆ ಮೊಳಗುತ್ತದೆ. ಹಿಂದೆ ಕೊಲೋಸಿಯಂ, ಮುಂದೆ ಎಲೆ ಕಿರೀಟ ತೊಟ್ಟ ಜೂಲಿಯಸ್ ಸೀಸರ್. ಸೀಸರ್ ಸತ್ತದ್ದು ಕ್ರಿ.ಪೂ. 44ರಲ್ಲಿ, ಕೊಲೋಸಿಯಂ ಕಟ್ಟಿ ಮುಗಿದು ಜನರಿಗೆ ತೆರೆದದ್ದು ಕ್ರಿ.ಶ. 80ರಲ್ಲಿ. ಪಾಪ, ಆ ಮನುಷ್ಯ ಅದನ್ನು ನೋಡೇ ಇಲ್ಲ. ಇರಲಿ ಬಿಡಿ. ಕತ್ತಿ, ಸಿಂಹ, ಕಹಳೆ ಯಾವುದಕ್ಕೂ ನಿಮ್ಮ ಸೋಲು ಗೆಲುವಿನ ಜೊತೆ ಸಂಬಂಧವಿಲ್ಲ, ಅದೆಲ್ಲ ಮೇಲಿನ ಬಣ್ಣ. ಕೆಳಗೊಂದು ಲೆಕ್ಕ ಓಡುತ್ತಿರುತ್ತದೆ, ಅದನ್ನು ಓದುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಡೆಮೊ ಮೋಡ್‌ನಲ್ಲಿ ತೆರೆಯಿರಿ. ದುಡ್ಡು ಹಾಕಬೇಡಿ. ಸ್ಪಿನ್ ಬಟನ್ ದೊಡ್ಡದಾಗಿ ಮಿನುಗುತ್ತಿರುತ್ತದೆ, ಅದನ್ನು ಬಿಟ್ಟು ಮೂಲೆಯಲ್ಲಿರುವ ಮೂರು ಗೆರೆ ಅಥವಾ ‘ಐ’ ಗುರುತು ಹುಡುಕಿ. ಪೇಟೇಬಲ್, ಅಂದರೆ ಯಾವ ಚಿತ್ರಕ್ಕೆ ಎಷ್ಟು ಕೊಡುತ್ತಾರೆ ಅನ್ನುವ ಪಟ್ಟಿ, ಇರುವುದು ಅಲ್ಲೇ.

ಅದರಲ್ಲಿ ಸಾಮಾನ್ಯವಾಗಿ ಎ, ಕೆ, ಕ್ಯೂ, ಜೆ ಅನ್ನುವ ಅಕ್ಷರಗಳು ಕಲ್ಲಿನಲ್ಲಿ ಕೆತ್ತಿದ ಹಾಗೆ ಕಾಣುತ್ತವೆ. ಇವು ಕಡಿಮೆ ಕೊಡುವ ಸಿಂಬಲ್‌ಗಳು. (ರೋಮನ್ನರಿಗೆ ಇಸ್ಪೀಟೇ ಗೊತ್ತಿರಲಿಲ್ಲ. ಯುರೋಪಿಗೆ ಅದು ಬಂದದ್ದು 14ನೇ ಶತಮಾನದಲ್ಲಿ.) ಶಿರಸ್ತ್ರಾಣ, ಹದ್ದು, ಗ್ಲಾಡಿಯೇಟರ್ ಜಾಸ್ತಿ ಕೊಡುತ್ತವೆ. ವೈಲ್ಡ್ ಬೇರೆ ಸಿಂಬಲ್ ಜಾಗದಲ್ಲಿ ನಿಲ್ಲುತ್ತದೆ. ಸ್ಕ್ಯಾಟರ್‌ಗೆ ಸಾಲು ಬೇಕಿಲ್ಲ, ಎಲ್ಲಿ ಬಿದ್ದರೂ ನಡೆಯುತ್ತದೆ. ಎಷ್ಟೋ ಗೇಮ್‌ಗಳಲ್ಲಿ ಮೂರು ಬಿದ್ದರೆ ಫ್ರೀ ಸ್ಪಿನ್.

ಈಗ ಪೇಲೈನ್, ಅಂದರೆ ಒಂದೇ ಸಿಂಬಲ್ ಸಾಲಾಗಿ ನಿಂತರೆ ದುಡ್ಡು ಕೊಡುವ ಗೆರೆ. ಇಲ್ಲಿ ಹುಷಾರು. 20 ಲೈನ್ ಇದೆ, ಲೈನಿಗೆ 1 ನಾಣ್ಯ ಅಂದುಕೊಳ್ಳಿ. ಅಂದರೆ ಒಂದು ಸ್ಪಿನ್ನಿಗೆ 20 ನಾಣ್ಯ. ಸ್ಪಿನ್ ಒತ್ತುತ್ತೀರಿ, ಮೂರು ‘ಕೆ’ ಸಾಲಾಗಿ ನಿಲ್ಲುತ್ತವೆ, ಅಕ್ಷರಗಳಿಗೆ ಬೆಂಕಿ ಹತ್ತುತ್ತದೆ, ಜನ ಕೂಗುತ್ತಾರೆ, ಪರದೆ ಮೇಲೆ ‘ಗೆಲುವು 8’ ಅಂತ ಬರುತ್ತದೆ. ಗೆಲುವು ಎಲ್ಲಿ ಬಂತು? 20 ಕೊಟ್ಟು 8 ತಗೊಂಡಿದ್ದೀರಿ, 12 ಹೋಯಿತು! ಡೆಮೊದಲ್ಲಿ ಒಮ್ಮೆ ಸೌಂಡ್ ಆಫ್ ಮಾಡಿ ಐವತ್ತು ಸ್ಪಿನ್ ಆಡಿ ನೋಡಿ, ಪ್ರತಿ ಸಲ ಬ್ಯಾಲೆನ್ಸ್ ಮೇಲೆ ಮಾತ್ರ ಕಣ್ಣಿಡಿ. ಗೇಮ್ ಬೇರೆಯದೇ ಆಗಿ ಕಾಣುತ್ತದೆ.

ಪೇಟೇಬಲ್ ಪುಟದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಆರ್‌ಟಿಪಿ (ರಿಟರ್ನ್ ಟು ಪ್ಲೇಯರ್, ಆಡುವವರಿಗೆ ವಾಪಸ್ ಬರುವ ಪಾಲು) ಅಂತ ಒಂದು ಸಂಖ್ಯೆ ಇರುತ್ತದೆ. ಇಡೀ ಗೇಮ್‌ನಲ್ಲಿ ಮುಖ್ಯವಾದದ್ದು ಇದೇ. 96 ಶೇಕಡಾ ಅಂದರೆ ಲಕ್ಷಾಂತರ ಸ್ಪಿನ್‌ಗಳ ಸರಾಸರಿಯಲ್ಲಿ, ಹಾಕಿದ 100ಕ್ಕೆ 96 ವಾಪಸ್. ನಿಮಗೆ ಇವತ್ತು 96 ಬರುತ್ತದೆ ಅಂತ ಅಲ್ಲ. ಉಳಿದ 4 ನಡೆಸುವವರ ಪಾಲು. ನಾಲ್ಕೇ ತಾನೇ ಅನ್ನಬೇಡಿ, ಅದು ನೀವು ತಂದ ದುಡ್ಡಿನ ಮೇಲಲ್ಲ, ತಿರುಗಿಸಿ ತಿರುಗಿಸಿ ಹಾಕಿದ ಒಟ್ಟು ಬೆಟ್ ಮೇಲೆ. ನಿಮಿಷಕ್ಕೆ 10 ಸ್ಪಿನ್, ಸ್ಪಿನ್ನಿಗೆ 20 ನಾಣ್ಯ: ಗಂಟೆಗೆ 600 ಸ್ಪಿನ್, ಒಟ್ಟು 12,000 ನಾಣ್ಯದ ಬೆಟ್. ಅದರ 4 ಶೇಕಡಾ ಅಂದರೆ 480. ಒಂದು ಗಂಟೆ ಆಡುವುದಕ್ಕೆ ಸರಾಸರಿ ಖರ್ಚು ಇಷ್ಟು. ಒಂದೇ ಗೇಮ್ ಬೇರೆ ಬೇರೆ ಸೈಟ್‌ನಲ್ಲಿ ಬೇರೆ ಆರ್‌ಟಿಪಿಯಲ್ಲಿ ಓಡುವುದೂ ಉಂಟು. 94 ಇದ್ದರೆ ಖರ್ಚು 720, ಒಂದೂವರೆ ಪಟ್ಟು! ಹಾಗಾಗಿ ಯಾರೋ ಎಲ್ಲೋ ಬರೆದ ಸಂಖ್ಯೆ ನಂಬಬೇಡಿ, ನೀವು ಆಡುವ ಜಾಗದಲ್ಲೇ ಪುಟ ತೆರೆದು ನೋಡಿ.

ನಿಜವಾದ ರೋಮ್‌ನಲ್ಲಿ ಹೀಗಿರಲಿಲ್ಲ ಅನ್ನುವುದು ತಮಾಷೆ. ಚಕ್ರವರ್ತಿ ಅಗಸ್ಟಸ್‌ಗೆ ದಾಳದ ಹುಚ್ಚು. ಮಲಮಗ ಟೈಬೀರಿಯಸ್‌ಗೆ ಬರೆದ ಒಂದು ಪತ್ರದಲ್ಲಿ ಆಟದ ನಿಯಮವನ್ನೇ ಹೇಳಿದ್ದಾನೆ: ‘ನಾಯಿ’ (ಅಂದರೆ ಒಂದು) ಅಥವಾ ಆರು ಬಿದ್ದರೆ ಆ ದಾಳಕ್ಕೊಂದು ದಿನಾರಿಯಸ್ ನಾಣ್ಯ ಮಧ್ಯದಲ್ಲಿ ಇಡಬೇಕು, ‘ವೀನಸ್’ (ನಾಲ್ಕೂ ದಾಳ ಬೇರೆ ಬೇರೆ) ಬಿದ್ದವನು ಅಷ್ಟನ್ನೂ ಬಾಚಿಕೊಳ್ಳುತ್ತಾನೆ. ತಾನು 20,000 ಸೆಸ್ಟರ್ಸ್ ನಾಣ್ಯ ಸೋತೆ ಅಂತಲೂ ಬರೆದಿದ್ದಾನೆ. ಆದರೆ ಆ ದುಡ್ಡು ಎದುರು ಕೂತವರ ಜೇಬಿಗೇ ಹೋಯಿತು, ನಡುವೆ ಪಾಲು ಕತ್ತರಿಸುವವರು ಯಾರೂ ಇರಲಿಲ್ಲ.

ಇನ್ನು ವೊಲಾಟಿಲಿಟಿ. ಜಾಸ್ತಿ ಅಂದರೆ ಅಪರೂಪಕ್ಕೊಮ್ಮೆ ದೊಡ್ಡದು, ಮಧ್ಯೆ ಉದ್ದನೆಯ ಬರಗಾಲ. ಕಡಿಮೆ ಅಂದರೆ ಚಿಲ್ಲರೆ ಆಗಾಗ ಬರುತ್ತಿರುತ್ತದೆ. ಅಷ್ಟೇ.

ಎರಡು ಸ್ಕ್ಯಾಟರ್ ಬಿದ್ದು ಮೂರನೆಯದು ಒಂದು ಮನೆ ಕೆಳಗೆ ನಿಂತರೆ ‘ಛೇ, ಇನ್ನೇನು ಬಂದೇಬಿಟ್ಟಿತ್ತು’ ಅನಿಸುತ್ತದೆ ಅಲ್ವಾ? ಇಲ್ಲ, ಬಂದಿರಲಿಲ್ಲ. ಸಾಮಾನ್ಯ ವಿಡಿಯೊ ಸ್ಲಾಟ್‌ನಲ್ಲಿ ನೀವು ಬಟನ್ ಒತ್ತಿದಾಗಲೇ ಕಂಪ್ಯೂಟರ್ ಸಂಖ್ಯೆ ಆರಿಸಿ ಆಗಿರುತ್ತದೆ, ರೀಲ್ ತಿರುಗುವುದು ಸುಮ್ನೆ ನೋಡುವುದಕ್ಕೆ. ಬೇಗ ನಿಲ್ಲಿಸಿದರೂ ಅದೇ ಫಲ. ನೂರು ಸಲ ಸೋತ ಮೇಲೆ ನೂರ ಒಂದನೆಯದಕ್ಕೆ ನಿಮ್ಮ ನೆನಪಿರುವುದಿಲ್ಲ.

ವೆಲ್ಕಮ್ ಬೋನಸ್ ಕಂಡರೆ ಷರತ್ತು ಓದಿ. 1,000 ನಾಣ್ಯದ ಬೋನಸ್, 35 ಪಟ್ಟು ಆಡಬೇಕು ಅಂತಿದ್ದರೆ 35,000 ಬೆಟ್ ಹಾಕಬೇಕು. 96ರ ಗೇಮ್‌ನಲ್ಲಿ ಅದರ ಸರಾಸರಿ ನಷ್ಟ 1,400. ಸಿಕ್ಕಿದ್ದಕ್ಕಿಂತ ಹೋಗುವುದೇ ಜಾಸ್ತಿ. ನಾನಾದರೆ ‘ಬೇಡ’ ಒತ್ತುತ್ತೇನೆ.

ಇಷ್ಟು ನೋಡಿದ ಮೇಲೂ ನಿಜವಾದ ದುಡ್ಡಿನಲ್ಲಿ ಆಡಬೇಕು ಅನಿಸಿದರೆ ಮೊದಲು ನೀವಿರುವ ಕಡೆ ಕಾನೂನು ಒಪ್ಪುತ್ತದಾ, ವಯಸ್ಸಿನ ಮಿತಿ ಎಷ್ಟು ನೋಡಿ. ಆಮೇಲೆ ಖಾತೆಯಲ್ಲಿ ಡೆಪಾಸಿಟ್ ಮಿತಿ ಹಾಕಿ, ಆಟ ಶುರುವಾದ ಮೇಲಲ್ಲ, ಮೊದಲೇ. ಆಟೊಪ್ಲೇ ಬಳಸಬೇಡಿ, ಬಳಸಿದರೆ ನಷ್ಟದ ಮಿತಿ ಹಾಕದೆ ಬಿಡಬೇಡಿ. ಸಾಲದ ದುಡ್ಡು, ಬಾಡಿಗೆ ದುಡ್ಡು ಮುಟ್ಟಲೇಬೇಡಿ. ಹೋದದ್ದನ್ನು ವಾಪಸ್ ತರಬೇಕು ಅಂತ ಬೆಟ್ ಏರಿಸುವ ಮನಸ್ಸು ಬಂದ ಕ್ಷಣ ಗೇಮ್ ಮುಚ್ಚಿ. ಮುಚ್ಚಲು ಆಗುತ್ತಿಲ್ಲವಾದರೆ ಸೆಟ್ಟಿಂಗ್ಸ್‌ನಲ್ಲಿ ಸೆಲ್ಫ್ ಎಕ್ಸ್‌ಕ್ಲೂಷನ್ ಇದೆಯಾ ನೋಡಿ. ಅದನ್ನು ಒತ್ತಿದರೆ ನೀವು ಆರಿಸಿದ ಅವಧಿ ಮುಗಿಯುವವರೆಗೆ ಆ ಖಾತೆಯಿಂದ ಆಡಲು ಬಿಡುವುದಿಲ್ಲ.